ಹುಳದ ಮನೆಯ ಹೊರಗೆ

ಕೊಳ್ಳೇಗಾಲದಲ್ಲಿ ಇವತ್ತು ನನ್ನ ಹೆಸರಿಗೆ ಒಂದು ಹೆಂಚಿನ ಮನೆ ಇದೆ. ಅದರ ಮುಂಭಾಗದಲ್ಲಿ ರೇಷ್ಮೆ ನೂಲಿನ ಸಣ್ಣ ಅಂಗಡಿ ಇದೆ. ಇದಕ್ಕೆಲ್ಲ ಏನು ಬಿತ್ತು ಎಂದು ಕೇಳುವವರಿಗೆ ನಾನು ಹಣದ ಲೆಕ್ಕ ಹೇಳುವುದಿಲ್ಲ. ನನ್ನ ಮಗಳ ನಾಲ್ಕನೆಯ ವಯಸ್ಸಿನಿಂದ ಎಂಟನೆಯ ವಯಸ್ಸಿನವರೆಗಿನ ಕಾಲ ಬಿತ್ತು. ಅವಳ ಹಾಲುಹಲ್ಲು ಬಿದ್ದದ್ದು, ಅಕ್ಷರ ತಿದ್ದಿದ್ದು, ಸಿಡುಬಿನ ಅಮ್ಮ ಎದ್ದು ಮೈಯೆಲ್ಲ ಬೆಂದು ಮತ್ತೆ ತಣ್ಣಗಾದದ್ದು, ಇಷ್ಟನ್ನೂ ನೋಡದೆ ಬಿಟ್ಟು ತೆಗೆದುಕೊಂಡ ಆಸ್ತಿ ಇದು. ಅದರ ಜೊತೆಗೆ ‘ಅವ್ವ’ ಅನ್ನಿಸಿಕೊಳ್ಳುವುದೂ ಹೋಯಿತು. ಅದೂ ಬೆಲೆಯಲ್ಲಿ ಸೇರಿದೆ ಎಂದು ಹೋಗುವಾಗ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ಬಹುಶಃ ಹೋಗುತ್ತಿದ್ದೆ.

ಯಾಕೆ ಕೊಟ್ಟೆ ಎಂದರೆ, ಆಗ ನನ್ನ ಹತ್ತಿರ ಕೊಡುವುದಕ್ಕೆ ಬೇರೇನೂ ಇರಲಿಲ್ಲ. ನನ್ನ ಗಂಡನ ಊರು ಹನೂರಿನ ಆಚೆ, ಹೂಗ್ಯಂ ಕಡೆಯ ಕಾಡಂಚು. ಮಗಳಿಗೆ ಮೂರು ತುಂಬುವ ಮೊದಲೇ ಅವರು ಜ್ವರದಲ್ಲಿ ತೀರಿಕೊಂಡರು. ಮೈದುನರು ಮರ್ಯಾದೆಯಿಂದಲೇ ಮಾತಾಡಿದರು, ಮರ್ಯಾದೆಯಿಂದಲೇ ಹೊಲ ಇಟ್ಟುಕೊಂಡರು. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಮುಳ್ಳೂರಿನ ತವರಿಗೆ ಬಂದೆ. ಅಲ್ಲಿ ಇದ್ದವರು ಅಣ್ಣ, ಅತ್ತಿಗೆ ಇಬ್ಬರೇ. ಅವರಿಗೆ ಮಕ್ಕಳಿರಲಿಲ್ಲ. ನನ್ನನ್ನು ಒಂದು ದಿನವೂ ಒಂದು ಮಾತು ಅಂದವರಲ್ಲ. ಆದರೂ ಉಣ್ಣುವಾಗ ನಾನು ಎರಡನೆಯ ಸಲ ಸಾರು ಕೇಳುವುದನ್ನು ಬಿಟ್ಟೆ. ಅದು ಅವರ ತಪ್ಪಲ್ಲ, ದುಡಿಮೆಯಿಲ್ಲದವಳ ಸಂಕೋಚ.

ಕೊಳ್ಳೇಗಾಲ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ ಶಾಲೆಗೆ ಹೋದವಳು ನಾನು. ಶಾಲೆ ಬಿಡುವ ಹೊತ್ತಿಗೆ ತಾಲೂಕು ಮೈಸೂರಿಗೆ ಸೇರಿತ್ತು. ಹೀಗಾಗಿ ತಮಿಳೂ ಕನ್ನಡವೂ ನಾಲಗೆ ಮೇಲಿದ್ದವು. ಆ ಬಲದಿಂದ ಕೊಳ್ಳೇಗಾಲದ ಒಬ್ಬ ಡಾಕ್ಟರ ಮನೆಯಲ್ಲಿ ಕೂಸು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಡಾಕ್ಟರು ಕೊಯಮತ್ತೂರಿನವರು, ಅವರ ಹೆಂಡತಿ ಮೈಸೂರಿನವರು. ವರ್ಷ ಕಳೆಯುವುದರೊಳಗೆ ಡಾಕ್ಟರಿಗೆ ಕುವೈತಿನಲ್ಲಿ ಕೆಲಸವಾಯಿತು. ಕೂಸು ನನ್ನ ಬಿಟ್ಟು ಬೇರೆ ಯಾರ ಕೈಯಲ್ಲೂ ಉಣ್ಣುತ್ತಿರಲಿಲ್ಲ. “ನೀನೂ ಬಂದುಬಿಡು” ಅಂದರು ಡಾಕ್ಟರಮ್ಮ.

ಗರಜು ನನಗಿಂತ ಅವರದೇ ಹೆಚ್ಚು ಎಂದು ನನಗೆ ತಕ್ಷಣ ಗೊತ್ತಾಯಿತು. ಸಂಬಳ, ಬಟ್ಟೆ, ಬೇರೆ ಕೋಣೆ, ಹೋಗಿ ಬರುವ ಖರ್ಚು, ಒಂದೊಂದನ್ನೂ ಬಾಯಿಬಿಟ್ಟು ಕೇಳಿದೆ, ಒಂದೊಂದಕ್ಕೂ ಹೂಂ ಅನ್ನಿಸಿಕೊಂಡೆ. ವರ್ಷಕ್ಕೊಮ್ಮೆ ಊರಿಗೆ ಕಳಿಸುವ ಮಾತು ಬಂದಾಗ ಮಾತ್ರ ಅವರು ಗಟ್ಟಿಯಾಗಿ ನಿಂತರು. ನಾಲ್ಕು ವರ್ಷಕ್ಕೊಂದು ರಜೆ, ಅದಕ್ಕಿಂತ ಮೊದಲು ಇಲ್ಲ. ನಾಲ್ಕು ವರ್ಷ ಅನ್ನುವುದು ಬಾಯಲ್ಲಿ ಹೇಳುವಾಗ ಚಿಕ್ಕದಾಗಿಯೇ ಇತ್ತು.

ಮಗಳನ್ನು ಅತ್ತಿಗೆಯ ಕೈಗೆ ಒಪ್ಪಿಸಿ, ಡಾಕ್ಟರ ಮನೆಯವರ ಜೊತೆ ಬೊಂಬಾಯಿಯಿಂದ ಹಡಗಿನಲ್ಲಿ ಹೋದೆ. ಕುವೈತಿನ ಬಗ್ಗೆ ಕೇಳುವವರಿಗೆ ಹೇಳಲು ನನ್ನ ಹತ್ತಿರ ಹೆಚ್ಚಿಲ್ಲ. ನಾನು ನೋಡಿದ್ದು ಮೂರನೆಯ ಅಂತಸ್ತಿನ ಒಂದು ಮನೆ, ಅದರ ಕಿಟಕಿ, ಕಿಟಕಿಯ ಕೆಳಗೆ ಮಣ್ಣುಬಣ್ಣದ ರಸ್ತೆ. ಕಣ್ಣಿಗೆ ಹಸಿರು ಬೇಕೆನಿಸಿ ಹಾಲಿನ ಪುಡಿಯ ಡಬ್ಬದಲ್ಲಿ ಕೊತ್ತಂಬರಿ ಬಿತ್ತಿದೆ. ಅದು ಬೆರಳುದ್ದ ಬಂದು ಒಣಗಿತು. ಶುಕ್ರವಾರ ಅಕ್ಕಪಕ್ಕದ ಮನೆಗಳ ಆಯಾಗಳು ಮೆಟ್ಟಿಲ ಮೇಲೆ ಸೇರುತ್ತಿದ್ದರು. ಕೇರಳದವರು ಅವರ ಮಾತಲ್ಲಿ, ಗೋವಾದವರು ಅವರ ಮಾತಲ್ಲಿ ನಗುತ್ತಿದ್ದರು. ನನ್ನ ತಮಿಳಿಗೆ ಅವರು ಜವಾಬು ಕೊಡುತ್ತಿದ್ದರೇ ಹೊರತು ನನ್ನ ಹತ್ತಿರ ನಗುತ್ತಿರಲಿಲ್ಲ. ಇನ್ನೊಬ್ಬರ ಜೊತೆ ನಗುವುದಕ್ಕೆ ಭಾಷೆ ಅರ್ಧಂಬರ್ಧ ಬಂದರೆ ಸಾಲದು.

ಡಾಕ್ಟರಮ್ಮನಿಗೆ ಆಸ್ಪತ್ರೆಯಲ್ಲೇ ಕೆಲಸ ಸಿಕ್ಕಿದ ಮೇಲೆ ಕೂಸು ಇಡೀ ದಿನ ನನ್ನ ಜೊತೆ. ಅದು ಮಾತು ಕಲಿತದ್ದೆಲ್ಲ ನನ್ನ ಬಾಯಿಂದ. ಒಂದು ಸಂಜೆ ತಾಯಿ ಬಾಗಿಲು ತೆಗೆಯುತ್ತಲೇ ಅದು, “ನೀನು ಓಗು, ನಾನು ಆಮ್ಯಾಕೆ ಬತ್ತೀನಿ” ಅಂದಿತು.

“ಅಯ್ಯೋ ರಾಮ, ಮೈಸೂರಿನಲ್ಲಿ ನಮ್ಮಮ್ಮ ಕೇಳಿದರೆ ಏನಂತಾರೆ? ಸ್ವಲ್ಪ ಹೋಗು, ಹಾಲು ಅಂತ ಬಾಯಿ ತುಂಬ ಕಲಿಸಬಾರದೇನೇ?” ಎಂದು ಡಾಕ್ಟರಮ್ಮ ನಕ್ಕರು.

ನಾನೂ ನಕ್ಕೆ. ನನ್ನ ಮಗಳು ಈಗ ಯಾವ ಮಾತು ಯಾರ ಬಾಯಿಂದ ಕಲಿಯುತ್ತಿದ್ದಾಳೆ ಎಂದು ಆಮೇಲೆ ಪಾತ್ರೆ ತೊಳೆಯುವಾಗ ಅನಿಸಿತು. ನಲ್ಲಿಯನ್ನು ಜೋರಾಗಿ ಬಿಟ್ಟುಕೊಂಡೆ.

ಊರಿಗೆ ತಪ್ಪದೆ ಕಾಗದ ಬರೆಯುತ್ತಿದ್ದೆ. ಅಣ್ಣ ಅದನ್ನು ಜಗಲಿಯ ಮೇಲೆ ಕೂತು ಮಗುವಿಗೆ ಓದಿ ಹೇಳುತ್ತಿದ್ದ. ಅವನಿಂದ ಜವಾಬೂ ಬರುತ್ತಿತ್ತು. ಮಗು ಚೆನ್ನಾಗಿದೆ, ಬೆಳೆ ಚೆನ್ನಾಗಿದೆ, ಮಳೆ ಕಡಿಮೆ. ಮೂರೂ ಒಂದೇ ಉಸಿರಿಗೆ. ಅವನನ್ನು ಬೈದು ಫಲವಿಲ್ಲ, ಗಂಡಸರು ಹಾಗೇ ಬರೆಯುತ್ತಾರೆ. ಎತ್ತರ ಎಷ್ಟಾಗಿದ್ದಾಳೆ ಎಂದು ಕೇಳಿದರೆ “ವಯಸ್ಸಿಗೆ ತಕ್ಕಂತೆ” ಎಂದು ಬರೆದ.

ರಜೆ ಬಂತು. ಡಾಕ್ಟರಮ್ಮ ಮುಂದಿನ ನಾಲ್ಕು ವರ್ಷಕ್ಕೂ ನನ್ನನ್ನು ಒಪ್ಪಿಸಿಕೊಂಡೇ ಕಳಿಸಿದ್ದರು. ನಾನು ಒಂದು ಲೆಕ್ಕ ಹಾಕಿದ್ದೆ. ಮಗಳನ್ನು ಮೈಸೂರಿನಲ್ಲಿ ಒಳ್ಳೆಯ ಹಾಸ್ಟೆಲಿಗೆ ಸೇರಿಸುವುದು, ಮತ್ತೆ ಹೋಗಿ ದುಡಿಯುವುದು, ಅವಳು ಹೈಸ್ಕೂಲು ಮುಟ್ಟುವಾಗ ಬಂದು ಜೊತೆಗಿರುವುದು. ಅದಕ್ಕೆ ಅವಳು ನನ್ನ ಕೈಹಿಡಿದು ಬರಬೇಕಿತ್ತು. ರಜೆ ಮುಗಿಯುವುದರೊಳಗೆ ಅವಳನ್ನು ಮತ್ತೆ ನನ್ನವಳನ್ನಾಗಿ ಮಾಡಿಕೊಳ್ಳಬೇಕು. ನಾನು ಬಂದದ್ದೇ ಅಷ್ಟಕ್ಕೆ.

ಮೈಸೂರಿನಿಂದ ಬಂದ ಬಸ್ಸು ಯಳಂದೂರಿನಲ್ಲಿ ಟೀಗೆ ನಿಂತಿತು. ನಾನು ಇಳಿದು ಮುಖ ತೊಳೆದು, ಪೌಡರು ಬಳಿದುಕೊಂಡು, ಸೆರಗಿಗೆ ಸೆಂಟು ಹಾಕಿಕೊಂಡೆ. ಮಗಳ ಕಣ್ಣಿಗೆ ಚೆಂದ ಕಾಣಬೇಕು, ಹತ್ತಿರ ಬಂದರೆ ಒಳ್ಳೆಯ ವಾಸನೆ ಬರಬೇಕು. ರೇಷ್ಮೆ ಹುಳ ಸಾಕುವ ಮನೆಯಲ್ಲಿ ಹುಟ್ಟಿ ಬೆಳೆದ ಹೆಣ್ಣು ಎಂದೂ ಮಾಡದ ಕೆಲಸ ಅದು.

ನಮ್ಮ ಕಡೆ ಹುಳ ಸಾಕುವ ಮನೆ ಎಂದರೆ ಮನೆಯ ನಡುವಿನ ದೊಡ್ಡ ಭಾಗವೆಲ್ಲ ಹುಳದ್ದು. ತಟ್ಟೆಯ ಮೇಲೆ ತಟ್ಟೆ ಜೋಡಿಸಿರುತ್ತಾರೆ. ಮನುಷ್ಯರು ಅಡಿಗೆಮನೆಯ ಮೂಲೆಯಲ್ಲಿ ಮುದುರಿಕೊಳ್ಳುತ್ತಾರೆ. ಹುಳ ನಾಲ್ಕು ಸಲ ಮೇವು ಬಿಟ್ಟು ಪೊರೆ ಕಳಚುತ್ತದೆ, ಅದಕ್ಕೆ ಜ್ವರ ಎನ್ನುತ್ತೇವೆ. ನಾಲ್ಕನೆಯ ಜ್ವರದಿಂದ ಎದ್ದ ಮೇಲೆ ಹಗಲೂ ರಾತ್ರಿ ಮೇಯುತ್ತದೆ. ಆಗ ಹೊರಗಿನವರು ಹೊಸ್ತಿಲು ದಾಟುವ ಹಾಗಿಲ್ಲ. ಹೊಗೆಸೊಪ್ಪು, ಸೆಂಟು, ಹೂವು, ಯಾವ ವಾಸನೆಯೂ ಕೂಡದು. ಊರಿಂದ ಊರು ಸುತ್ತಿ ಬಂದವರಂತೂ ಬೇಡವೇ ಬೇಡ.

ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿತ್ತು. ನಾನು ಪೆಟ್ಟಿಗೆ ಇಳಿಸಿ ಹೆಜ್ಜೆ ಎತ್ತುವಷ್ಟರಲ್ಲಿ ಅತ್ತಿಗೆ ಹಿಪ್ಪುನೇರಳೆ ಸೊಪ್ಪು ಹೆಚ್ಚುವ ಕತ್ತಿ ಹಿಡಿದು ಅಡ್ಡ ಬಂದಳು.

“ಅಲ್ಲೇ ನಿಂತ್ಕೊ. ಒಸ್ಲು ದಾಟ್ಬ್ಯಾಡ.”

“ನಾನು ಕಣತ್ಗೆ.”

“ಕಣ್ಣು ಕಾಣ್ತವೆ ಕಣಮ್ಮಿ. ಮೂಗೂ ಐತೆ. ಮದ್ವೆ ಎಣ್ಣಂಗೆ ಗಮಗಮ ಅಂತಿದ್ದೀಯಲ್ಲ? ಉಳ ನಾಕ್ನೇ ಜ್ವರ ಎದ್ದವೆ. ಈ ವಾಸ್ನೆ ತಾಕುದ್ರೆ ಮೇವು ಬುಟ್ಬುಡ್ತವೆ.”

“ಮಿಂದ್ಕೊಂಡು ಸೀರೆ ಬದ್ಲಾಯ್ಸ್ಕೊಂಡು ಬತ್ತೀನಿ.”

“ಬ್ಯಾಡ. ಅಡ್ಗು, ರೈಲು, ಬಸ್ಸು, ಎಷ್ಟ್ ಜನದ ಗಾಳಿ ತಕಂಡು ಬಂದಿದ್ದೀಯೋ. ಉಳ ಗೂಡು ಕಟ್ಲಿ, ಆಮ್ಯಾಕೆ ಒಳಕ್ಕೆ ಬಾ. ಕೊಟ್ಗೆ ಪಕ್ಕದ ರೂಮು ಸಾರ್ಸಿವ್ನಿ.”

“ಅತ್ಗೆ, ಮಗೀನ ಮೊಕನಾದ್ರೂ ನೋಡ್ತೀನಿ.”

ಅತ್ತಿಗೆ ಒಳಗೆ ತಿರುಗಿ ಕೂಗಿದಳು. “ಬಾರವ್ವ, ನಿನ್ನ ಕಾಗ್ದದವ್ವ ಬಂದವ್ಳೆ.”

ಕಾಗದದವ್ವ. ಕಾಗದದಲ್ಲಿ ಬರುವ ಅವ್ವ ನಾನು, ಮನೆಯಲ್ಲಿರುವ ಅವ್ವ ಅವಳು. ಮಗು ಎರಡಕ್ಕೂ ಹೊಂದಿಕೊಳ್ಳಲಿ ಎಂದು ಆ ಮನೆಯಲ್ಲಿ ಮಾಡಿಕೊಂಡ ಏರ್ಪಾಟು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

ಮಗಳು ಬಂದು ಅತ್ತಿಗೆಯ ಸೊಂಟದ ಹಿಂದೆ ನಿಂತಳು. ಎರಡು ಜಡೆ, ಬೆರಳ ತುದಿಯಲ್ಲಿ ಸೊಪ್ಪಿನ ಕರೆ. ನನ್ನನ್ನು ಮೇಲಿಂದ ಕೆಳಗೆ ನೋಡಿ ಅತ್ತಿಗೆಗೆ, “ಫೋಟದಲ್ಲಿ ದಪ್ಪಗವ್ರೆ” ಅಂದಳು. ಅಷ್ಟು ಹೇಳಿ ಮೇವು ಹಾಕುವುದಿದೆ ಎಂದು ಒಳಗೆ ಹೋದಳು. ಮನೆಗೆ ಬಂದ ಪರಸ್ಥಳದವರ ಬಗ್ಗೆ ಮಾತಾಡುವಂತೆ ಗೌರವದಿಂದಲೇ ಮಾತಾಡಿದ್ದಳು.

ಕೊಟ್ಟಿಗೆಯ ಪಕ್ಕದ ಆ ಕೋಣೆಯಿಂದ ಮನೆಯ ಬಾಗಿಲು ನೇರ ಕಾಣುತ್ತಿತ್ತು. ಮನೆಯ ಮೇಲಿನ ಹೊಸ ಹೆಂಚು ನಾನು ಕಳಿಸಿದ ಹಣದ್ದು. ಅದರ ಕೆಳಗೆ ಹುಳಗಳು ಮಳೆ ಸುರಿದ ಹಾಗೆ ಸದ್ದು ಮಾಡುತ್ತ ಮೇಯುತ್ತಿದ್ದವು. ನಾನು ಹೊರಗೆ ಕೂತು ಕೇಳಿಸಿಕೊಳ್ಳುತ್ತಿದ್ದೆ. ಅತ್ತಿಗೆ ಜಗಲಿಯ ಅಂಚಿನಲ್ಲಿ ಮುದ್ದೆ ಸಾರು ಇಟ್ಟು ಹೋಗುತ್ತಿದ್ದಳು. ನಾನು ಪೆಟ್ಟಿಗೆ ತೆಗೆಯಲೇ ಇಲ್ಲ. ಒಳಗಿದ್ದ ಸೋಪು, ಪೌಡರು, ಬಣ್ಣದ ಕಾಗದ ಸುತ್ತಿದ ಮಿಠಾಯಿ ಎಲ್ಲಕ್ಕೂ ವಾಸನೆ ಇತ್ತು.

ಈಗಿನ ನನ್ನ ವ್ಯಾಪಾರದ ಮಾತಲ್ಲಿ ಹೇಳುವುದಾದರೆ, ಅಂಗಡಿಯ ಒಳಗೆ ಬಿಡದಿದ್ದರೆ ಮಾಲು ಬರುವ ದಾರಿಯಲ್ಲಿ ಕಾಯಬೇಕು. ಮಗಳು ದಿನವೂ ಬೆಳಿಗ್ಗೆ ಸೊಪ್ಪು ಕೀಳಲು ತೋಟಕ್ಕೆ ಹೋಗುತ್ತಿದ್ದಳು. ತೋಟಕ್ಕೆ ಹೊಸ್ತಿಲಿಲ್ಲ. ನಾನು ಸೀಗೆಪುಡಿಯಲ್ಲಿ ತಲೆ ತಿಕ್ಕಿಕೊಂಡು, ಅತ್ತಿಗೆಯ ಹಳೆಯ ಸೀರೆ ಉಟ್ಟು, ಅವಳಿಗಿಂತ ಮೊದಲೇ ಹೋಗಿ ನಿಂತೆ.

“ಯಾವ ಎಲೆ ಕೀಳ್ಬೇಕು, ಹೇಳ್ಕೊಡವ್ವ” ಅಂದೆ. ಗೊತ್ತಿಲ್ಲದವಳಂತೆ ಕೇಳಿದರೆ ಎದುರಿನವರ ಬಾಯಿ ಬಿಚ್ಚಿಕೊಳ್ಳುತ್ತದೆ, ಮುಂದೆ ವ್ಯಾಪಾರದಲ್ಲೂ ನಾನು ಕಂಡದ್ದು ಇದೇ.

ಅವಳು ನನ್ನನ್ನು ನೋಡದೆ ಶುರು ಮಾಡಿದಳು. ತುದಿಯ ಎಳೆ ಎಲೆ ಮರಿಹುಳಕ್ಕೆ, ದೊಡ್ಡ ಹುಳಕ್ಕೆ ಬಲಿತದ್ದು. ಇಬ್ಬನಿ ಇದ್ದರೆ ಒದರಬೇಕು. ಕಿತ್ತದ್ದನ್ನು ಒದ್ದೆ ಗೋಣಿಯಲ್ಲಿ ಮುಚ್ಚಬೇಕು. ಸ್ವಲ್ಪ ಹೊತ್ತು ಕಿತ್ತಮೇಲೆ ಅವಳ ಕೈ ನಿಂತಿತು.

“ನಿಮ್ಗೆ ಬರ್ತದೆ.”

“ಯಾರ್ ಹೇಳುದ್ರು?”

“ನಿಮ್ ಕೈ. ಹೊಸಬ್ರು ಎಲೆ ಹರೀತಾರೆ. ನೀವು ತೊಟ್ಟು ಚಿವುಟ್ತಾ ಇದ್ದೀರಿ.” ತನ್ನ ಬುಟ್ಟಿ ಎಳೆದುಕೊಂಡು, “ಇರ್ಲಿ ಬುಡಿ, ಕೀಳಿ. ಬಿಸ್ಲು ಬಂದ್ಬುಡ್ತದೆ” ಅಂದಳು.

ಸಿಕ್ಕಿಬಿದ್ದರೂ ಆ ದಿನದ ವ್ಯಾಪಾರ ನನಗೆ ನಷ್ಟವಾಗಲಿಲ್ಲ. ಮರುದಿನದಿಂದ ನನಗೂ ಒಂದು ಬುಟ್ಟಿ ತಂದಳು. ಒಂದು ಬೆಳಿಗ್ಗೆ ಅವಳೇ ಮಾತು ತೆಗೆದಳು.

“ಅಲ್ಲಿ ನಿಮ್ಮನೇಲಿ ಇನ್ನೊಂದು ಮಗು ಐತಂತಲ್ಲ?”

“ಅದು ಡಾಕ್ಟ್ರಮ್ಮನ ಕೂಸು ಕಣವ್ವ. ನಾನು ನೋಡ್ಕೊಳ್ಳೋದು ಅಷ್ಟೆ.”

“ಅದು ನಿಮ್ಗೆ ಕಾಗ್ದ ಬರೀತದಾ?”

“ಅದ್ಯಾಕೆ ಬರೀತದೆ? ನಾನು ಅದರ ಜೊತೇಲೇ ಇರ್ತೀನಲ್ಲ.”

ಅವಳು “ಹೂಂ” ಅಂದಳು. ಗಿಡದ ಆಚೆ ಬದಿಗೆ ಸರಿದು ಕೀಳತೊಡಗಿದಳು. ನಡುವೆ ಒಂದು ಸಾಲು ಗಿಡ ಮಾತ್ರ ಇತ್ತು. ನಾನೂ ನನ್ನ ಬದಿಯಲ್ಲಿ ಕೀಳುತ್ತ ಅವಳ ಬುಟ್ಟಿಯ ಜೊತೆಜೊತೆಗೆ ಸರಿದೆ.

ಹುಳ ಮೇಯುವುದನ್ನು ನಿಲ್ಲಿಸಿ ಮೈ ಹಳದಿಗೆ ತಿರುಗಿ ತಲೆಯೆತ್ತಿ ಆಡಿಸತೊಡಗಿದರೆ ಹಣ್ಣಾಯಿತು ಎಂದು ಅರ್ಥ. ಆಗ ಒಂದೊಂದನ್ನೂ ಆರಿಸಿ, ಬಿದಿರ ತಟ್ಟಿಯ ಮೇಲೆ ಸುತ್ತುಸುತ್ತಾಗಿ ಹೆಣೆದ ಚಂದ್ರಿಕೆಗೆ ಬಿಡಬೇಕು. ಗೂಡು ಕಟ್ಟುವುದು ಅದರ ಮೇಲೆ. ತಡವಾದರೆ ಕಸದಲ್ಲೇ ನೂಲು ಬಿಟ್ಟು ಬೆಳೆ ಹಾಳು. ಆ ಸಲ ಅಂದುಕೊಂಡದ್ದಕ್ಕಿಂತ ಮೊದಲೇ ಒಂದು ಬೆಳಿಗ್ಗೆ ಎಲ್ಲ ತಟ್ಟೆಗಳಲ್ಲೂ ಒಟ್ಟಿಗೇ ಹಣ್ಣಾದವು. ಅಣ್ಣ ಇನ್ನಷ್ಟು ಚಂದ್ರಿಕೆ ಬಾಡಿಗೆಗೆ ತರಲು ಗಾಡಿ ಕಟ್ಟಿಕೊಂಡು ಹೋಗಿದ್ದ. ಅಕ್ಕಪಕ್ಕದ ಮನೆಗಳಲ್ಲೂ ಅದೇ ಕೆಲಸ, ಕರೆದರೆ ಬರುವ ಕೈ ಒಂದೂ ಇರಲಿಲ್ಲ.

ಅತ್ತಿಗೆ ಹೊಸ್ತಿಲ ಮೇಲೆ ಬಂದು ನಿಂತಳು. ನನ್ನ ಕಡೆ ನೋಡಿದಳು, ಒಳಗೆ ನೋಡಿದಳು. ಒಳಗೆ ಬರಲೇ ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಡವೆನ್ನಲು ಅವಳಿಗೆ ಸುಲಭವಾಗುತ್ತದೆ ಎಂದು ಗೊತ್ತಿತ್ತು.

ಅವಳ ಪಕ್ಕದಿಂದ ಮಗಳು ಹೊರಗೆ ಬಂದಳು. ಅಂಗಳ ದಾಟಿ ನೇರ ನನ್ನ ಹತ್ತಿರ ಬಂದು, ನನ್ನ ಎರಡೂ ಕೈಗಳನ್ನು ಹಿಡಿದೆತ್ತಿ ಮೂಸಿದಳು. ಸೆರಗು ಮೂಸಿದಳು. “ಬಗ್ಗಿ” ಅಂದಳು. ನಾನು ಬಗ್ಗಿದೆ. ತಲೆಗೂದಲು ಮೂಸಿದಳು. ಹುಳದ ಮನೆಗೆ ಆಳು ಕರೆಯುವಾಗ ಅತ್ತಿಗೆ ಮಾಡುವ ತಪಾಸಣೆಯನ್ನು ಒಂದು ಬಿಡದೆ ಮಾಡಿದಳು. ನಾಲ್ಕು ವರ್ಷದ ಮೇಲೆ ನನ್ನ ಮಗಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

ಅವಳು ತಿರುಗಿ ಅತ್ತಿಗೆಗೆ ಹೇಳಿದಳು. “ಸೆಂಟಿಲ್ಲ. ಬರೀ ಸೀಗೆ ವಾಸ್ನೆ. ಇವ್ರನ್ನ ಕರ್ಕೊಳವ್ವ, ನಮ್ ಕೈ ಸಾಲಕ್ಕಿಲ್ಲ.”

ನನ್ನನ್ನು ಒಳಗೆ ಬಿಡಿಸಿದವಳು ಅವಳೇ. ಅವ್ವ ಎಂದು ಕರೆದದ್ದು ಅತ್ತಿಗೆಯನ್ನು. ಎರಡೂ ಒಂದೇ ಉಸಿರಿನಲ್ಲಿ ಆಗಿಹೋಯಿತು. ನಾನು ಕಾಲು ತೊಳೆದು, ಸುಣ್ಣದ ಪುಡಿಯ ಮೇಲೆ ಹೆಜ್ಜೆಯಿಟ್ಟು ಒಳಗೆ ಹೋದೆ. ಬಿಸಿಲು ಇಳಿಯುವವರೆಗೂ ಮೂವರೂ ಹುಳ ಆರಿಸಿದೆವು. ಮಗಳ ಮೊಣಕೈ ನನ್ನ ಮೊಣಕೈಗೆ ತಗಲುತ್ತಿತ್ತು. ಕೆಲಸ ಮುಗಿದ ಮೇಲೆ ಅವಳು ಅತ್ತಿಗೆಯ ತೊಡೆಯ ಮೇಲೆ ತಲೆಯಿಟ್ಟು ಅಲ್ಲೇ ನಿದ್ದೆ ಹೋದಳು. ಅವಳ ಅಂಗಾಲು ನನ್ನ ಕಡೆಗಿತ್ತು. ಮುಟ್ಟಿದರೆ ಎಚ್ಚರವಾದೀತೆಂದು ಸುಮ್ಮನಿದ್ದೆ.

ಚಂದ್ರಿಕೆಯಿಂದ ಗೂಡು ಬಿಡಿಸುವ ದಿನ ಹಾಸ್ಟೆಲಿನ ವಿಷಯ ತೆಗೆದೆ. ಅತ್ತಿಗೆ ತಲೆಯೆತ್ತಲಿಲ್ಲ. “ನಿನ್ ಮಗು ನಿಂದು. ಬ್ಯಾಡ ಅನ್ನಕೆ ನಾನ್ಯಾರು? ಕರ್ಕೊಂಡೋಗು” ಅಂದಳು. ಆದರೆ ಒಳ್ಳೆಯ ಗೂಡನ್ನೂ ಕೆಟ್ಟ ಗೂಡನ್ನೂ ಒಂದೇ ಬುಟ್ಟಿಗೆ ಹಾಕತೊಡಗಿದಳು. ಅಂಥ ತಪ್ಪನ್ನು ಅವಳು ಮಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಗಳು ಕೆಟ್ಟ ಗೂಡುಗಳನ್ನು ಆ ಬುಟ್ಟಿಯಿಂದ ಹೆಕ್ಕಿ ಬೇರೆ ಹಾಕಿದಳು. ಆಮೇಲೆ ನನ್ನನ್ನು ಕೇಳಿದಳು.

“ಮೈಸೂರ್ನಲ್ಲಿ ನೀವೂ ಇರ್ತೀರಾ?”

“ಇಲ್ಲ ಕಣವ್ವ. ನಾನು ದುಡಿಯಕ್ಕೆ ಓಗ್ಬೇಕಲ್ಲ. ಕಾಗ್ದ ಬರೀತೀನಿ.”

“ಅಂಗಾರೆ ಅಲ್ಗೂ ಬರಾದು ಕಾಗ್ದನೇ. ಇಲ್ಗೇ ಬರೀರಿ.”

ಹಟವಿಲ್ಲ, ಅಳುವಿಲ್ಲ. ಹೋಗುವುದರಿಂದ ತನಗೇನು ಲಾಭ ಎಂದು ನೋಡಿದಳು, ಕಾಣಲಿಲ್ಲ. ನಾನು ಮೈಸೂರಿನ ಶಾಲೆ, ಇಂಗ್ಲಿಷು, ಸಮವಸ್ತ್ರ ಎಲ್ಲ ಹೇಳಿದೆ. ಅವಳು ಕೇಳಿಸಿಕೊಂಡಳು, ಕೈ ಮಾತ್ರ ಗೂಡು ಬಿಡಿಸುತ್ತಲೇ ಇತ್ತು. ಬೆಲೆ ಏರಿಸಿದಷ್ಟೂ ಎದುರಿನವರು ತಣ್ಣಗಾಗುತ್ತಿದ್ದರೆ ನಾವು ಕೊಡುತ್ತಿರುವುದು ಅವರಿಗೆ ಬೇಕಾದ ವಸ್ತುವಲ್ಲ ಎಂದು ಅರ್ಥ. ಅವಳಿಗೆ ಬೇಕಾದದ್ದು ಒಂದೇ ಇತ್ತು. ಅದನ್ನು ಅವಳು ಕೇಳಿಯೂ ಆಗಿತ್ತು. ಮೈಸೂರಿನಲ್ಲಿ ನೀವೂ ಇರ್ತೀರಾ?

ಡಾಕ್ಟರಮ್ಮನಿಗೆ ಬರುವುದಿಲ್ಲ ಎಂದು ಬರೆದೆ. ಅವರು ನೊಂದುಕೊಂಡೇ ಜವಾಬು ಬರೆದರು. ಕೂಸು ಊಟ ಬಿಟ್ಟಿದೆ ಎಂದಿದ್ದರು. ಆ ಕಾಗದವನ್ನು ಓದಿದ ದಿನ ನನಗೂ ಊಟ ಸೇರಲಿಲ್ಲ. ಅದೂ ನನ್ನ ಕೈಯಲ್ಲೇ ಬೆಳೆದದ್ದು.

ಮಗಳನ್ನು ಮುಳ್ಳೂರಿನಿಂದ ಕೀಳಲಿಲ್ಲ. ನಾನು ಕೊಳ್ಳೇಗಾಲದಲ್ಲಿ ಒಂದು ಕೋಣೆ ಹಿಡಿದೆ. ರೈತರಿಂದ ಗೂಡು ಕೊಂಡು ನೂಲು ಬಿಚ್ಚಿಸಿ ಮಾರುವ ಕೆಲಸಕ್ಕೆ ಕೈ ಹಾಕಿದೆ. ಗಂಡಸರ ನಡುವೆ ನಿಂತು ಬೆಲೆ ಕೂಗುವುದಕ್ಕೆ ನನಗೆ ಅಂಜಿಕೆ ಇರಲಿಲ್ಲ. ಸಂಜೆ ಕೋಣೆಯ ಬೀಗ ತೆಗೆಯುವಾಗ ಇತ್ತು. ಒಬ್ಬಳಿಗೆ ಅಡಿಗೆ ಮಾಡುವುದು, ಒಬ್ಬಳೇ ಉಣ್ಣುವುದು ಕುವೈತಿನಲ್ಲೂ ಇರಲಿಲ್ಲ. ಅಲ್ಲಿ ಕೂಸಾದರೂ ಇತ್ತು. ಭಾನುವಾರದ ಬಸ್ಸಿನಲ್ಲಿ ಮುಳ್ಳೂರಿಗೆ ಹೋಗುತ್ತಿದ್ದೆ. ಹುಳ ಇದ್ದರೆ ತೋಟದಲ್ಲಿ, ಇಲ್ಲದಿದ್ದರೆ ಜಗಲಿಯಲ್ಲಿ, ಅವಳು ಮಾಡುತ್ತಿದ್ದ ಕೆಲಸದ ಪಕ್ಕ ಕೂರುತ್ತಿದ್ದೆ. ಸಂಜೆ ಬಸ್ಸಿಗೆ ಹೊರಟಾಗ ಅವಳು ಬೀದಿಯ ತಿರುವಿನವರೆಗೆ ಬರುತ್ತಿದ್ದಳು. ಕೆಲವು ವರ್ಷಗಳ ಮೇಲೆ ಬಸ್ಸು ಬರುವವರೆಗೂ ನಿಲ್ಲತೊಡಗಿದಳು.

ಹೈಸ್ಕೂಲಿಗೆ ಅವಳಾಗಿಯೇ ಕೊಳ್ಳೇಗಾಲಕ್ಕೆ ಬಂದು ನನ್ನ ಜೊತೆ ಇದ್ದಳು. ಮುಳ್ಳೂರಿನ ಅವ್ವ ಅವಳಿಗೆ ಅವ್ವನೇ. ನನ್ನನ್ನು ಏನೂ ಕರೆಯದೆ, ಮಾತಾಡಬೇಕಾದರೆ ಹತ್ತಿರ ಬಂದು ನಿಂತು ಮಾತು ಶುರು ಮಾಡುತ್ತಾಳೆ. ನಾನು ಬೆನ್ನು ಹಾಕಿ ಕೂತಿದ್ದರೂ ಅವಳು ಬಂದದ್ದು ನನಗೆ ಗೊತ್ತಾಗುತ್ತದೆ.

ಈಗ ನಮ್ಮ ತಾಲೂಕಿನಿಂದಲೂ ಹೆಣ್ಣುಮಕ್ಕಳು ಸಮುದ್ರ ದಾಟಿ ಕೆಲಸಕ್ಕೆ ಹೋಗುವುದು ಶುರುವಾಗಿದೆ, ಹೋಗುವ ಮುಂಚೆ ನನ್ನ ಅಂಗಡಿಗೆ ಬಂದು ಕೇಳುತ್ತಾರೆ. ಹೋಗಬೇಡಿ ಎನ್ನುವ ಬಾಯಿ ನನಗಿಲ್ಲ. ನೀವು ಹೋಗುವವರಾದರೆ ಇಷ್ಟು ಮಾಡಿ. ಸಂಬಳ ಸ್ವಲ್ಪ ಬಿಟ್ಟುಕೊಟ್ಟಾದರೂ ರಜೆಯನ್ನು ಹತ್ತಿರ ಮಾಡಿಕೊಳ್ಳಿ. ಆ ಮಾತು ಮೊದಲು ಆಡಿ, ಹಣದ ಮಾತು ಆಮೇಲೆ. ಮಗುವನ್ನು ಬಿಡುವ ಮನೆಯಲ್ಲಿ ಯಾವ ತಿಂಗಳು ಏನು ಕೆಲಸ ಎಂದು ತಿಳಿದುಕೊಂಡು, ಅವರಿಗೆ ಪುರಸತ್ತಾಗುವ ಕಾಲಕ್ಕೆ ಬನ್ನಿ. ಸಾಕಿದವಳ ಮುಂದೆ ಹೆತ್ತದ್ದನ್ನು ಎತ್ತಿ ಆಡಬೇಡಿ, ಅವಳ ಮಡಿಲಿನಿಂದ ಮಗುವನ್ನು ಎಳೆಯಬೇಡಿ. ಬ್ಯಾಗು ಬಿಚ್ಚಿ ಸಾಮಾನು ತೋರಿಸುವ ಮೊದಲು, ಮಗು ಏನು ಕೆಲಸ ಮಾಡುತ್ತಿದೆಯೋ ನೋಡಿ, ಪಕ್ಕದಲ್ಲಿ ಕೂತು ಅದೇ ಕೆಲಸಕ್ಕೆ ಕೈ ಹಾಕಿ. ಅದು ಏನಾದರೂ ಕೇಳಿದರೆ ಕೇಳಿದ್ದಕ್ಕೆ ಮಾತ್ರ ಜವಾಬು ಕೊಡಿ. ಉಳಿದ ಹೊತ್ತು ಬಾಯಿ ಮುಚ್ಚಿಕೊಂಡು ಕೂತಿರಿ, ಎದ್ದು ಹೋಗಬೇಡಿ.